ನನ್ನ ಕಾಲು, ನನ್ನ ಲೆಗ್ಗಿಂಗ್ಸ್

ಕಾಲುಗಳಿರುವುದು ನಡೆಯುವುದಕ್ಕೆ ಎಂದು ನಾನು ಬಹಳ ಕಾಲ ನಂಬಿದ್ದೆ. ಹೆಂಗಸಿನ ಕಾಲುಗಳಾದರೆ ಊರವರು ಅಭಿಪ್ರಾಯ ಹೇಳುವುದಕ್ಕೂ ಇವೆ ಎಂದು ತಿಳಿದದ್ದು ಲೆಗ್ಗಿಂಗ್ಸ್ ತೊಡಲು ಶುರುಮಾಡಿದ ಮೇಲೆ. ಅಲ್ಲಿಯವರೆಗೆ ಇದೇ ಕಾಲುಗಳು ನೋಯುತ್ತವೆ ಎಂದು ಎಷ್ಟು ಗೋಳಾಡಿದರೂ ಒಬ್ಬರೂ ಆ ಕಡೆ ತಿರುಗಿ ನೋಡಿರಲಿಲ್ಲ.

ನಮ್ಮದು ಬನಹಟ್ಟಿ. ಮನೆಯ ಹಿಂದಿನ ಶೆಡ್ಡಿನಲ್ಲಿ ನನ್ನ ಗಂಡ ಪವರ್‌ಲೂಮಿನ ಮೇಲೆ ಸೀರೆ ನೇಯುತ್ತಾರೆ. ನಾನು ಸ್ಕೂಟಿ ಏರಿ ಜಮಖಂಡಿಯ ಒಂದು ಹೈಸ್ಕೂಲಿಗೆ ಗಣಿತ ಕಲಿಸಲು ಹೋಗುತ್ತೇನೆ. ಕಬ್ಬಿನ ಸೀಸನ್ನಿನಲ್ಲಿ ಒಂದು ದಿನ, ತೂಗಾಡುತ್ತ ಹೊರಟಿದ್ದ ಟ್ರ್ಯಾಕ್ಟರನ್ನು ದಾಟುವಾಗ ನನ್ನ ಸೆರಗು ಸ್ಕೂಟಿಯ ಹಿಂದಿನ ಚಕ್ರಕ್ಕೆ ಸಿಕ್ಕಿತು. ಸ್ಕೂಟಿ ಒಂದು ಕಡೆ, ನಾನು ಇನ್ನೊಂದು ಕಡೆ. ಹಿಂದೆ ಇನ್ನೊಂದು ಟ್ರ್ಯಾಕ್ಟರ್ ಬರುತ್ತಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ಮರುದಿನ ಕುರ್ತಾ, ಕಪ್ಪು ಲೆಗ್ಗಿಂಗ್ಸ್ ತೊಟ್ಟು ಹೊರಟೆ.

ಮೊದಲ ಆಕ್ಷೇಪ ಮನೆಯದೇ. ಅತ್ತೆ ಆ ಬಟ್ಟೆಯನ್ನು ಎರಡು ಬೆರಳಲ್ಲಿ ಎಳೆದು ಬಿಟ್ಟರು. ಅದು ಟಪ್ಪೆಂದು ನನ್ನ ಕಾಲಿಗೆ ಬಡಿಯಿತು.

“ಏನವಾ ಇದು, ತೊಗಲಿನ ಮ್ಯಾಲ ತೊಗಲು? ಸೀರಿ ನೇಯೋ ಮನಿ ಸೊಸೀನ ಹಿಂಗ ಹೊಂಟ್ರ ಸೀರಿ ಉಡಾವ್ರು ಯಾರು?”

“ನೇಯೋರು ನಿಮ್ಮ ಮಗ. ಅವರರ ಎಂದ ಉಟ್ಟಾರ್ರೀ, ಅತ್ತಿ?” ಎಂದು ಸ್ಕೂಟಿ ಶುರುಮಾಡಿದೆ.

ಶಾಲೆಯಲ್ಲಿ ಹೆಡ್‌ಮಾಸ್ತರರು ಕೋಣೆಗೆ ಕರೆಸಿದರು. ಕೆಟ್ಟವರಲ್ಲ, ಹೊಟ್ಟೆಯ ಮೇಲೆ ಬೆಲ್ಟು ನಿಲ್ಲದ್ದರಿಂದ ಸದಾ ಪ್ಯಾಂಟನ್ನು ಮೇಲೆಳೆಯುತ್ತ ಮಾತಾಡುವ ಮನುಷ್ಯ.

“ಮೇಡಂ, ಇದು ನಮ್ಮ ಸಂಸ್ಕೃತಿ ಅಲ್ಲರೀ.”

“ನಿಮ್ಮ ಪ್ಯಾಂಟ್ ಯಾವ ಸಂಸ್ಕೃತೀದರೀ ಸರ್? ನಿಮ್ಮ ಅಜ್ಜಾರು ಧೋತರ ಉಡತಿದ್ರಲ್ಲ?”

ಅವರು ಪ್ಯಾಂಟು ಎಳೆದುಕೊಂಡರು. ನನಗೆ ಹುರುಪು ಬಂದು ಇತಿಹಾಸದ ಪಾಠವನ್ನೇ ಮಾಡಿಬಿಟ್ಟೆ. ಪರದೇಶದ ರಾಜರು ಒಂದೊಂದು ಕಾಲಿಗೆ ಒಂದೊಂದು ಬಿಗಿಯಾದ ಉದ್ದ ಚೀಲ ತೊಟ್ಟು, ಸೊಂಟಕ್ಕೆ ದಾರದಿಂದ ಕಟ್ಟಿಕೊಂಡು ಸಿಂಹಾಸನದ ಮೇಲೆ ಕೂರುತ್ತಿದ್ದರು. ಆಗ ಅದು ಗಾಂಭೀರ್ಯ. ಗಂಡಸರು ಬಿಟ್ಟು ಹೆಂಗಸರು ತೊಟ್ಟ ಮೇಲೆ ಅದು ಅಸಭ್ಯವಾಯಿತು. ನನ್ನ ಅಜ್ಜಿ ಕಚ್ಚೆ ಹಾಕಿ, ಮೊಣಕಾಲು ಕಾಣುವಂತೆ ಸೀರೆ ಎತ್ತಿ ಕಟ್ಟಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ಸಂಸ್ಕೃತಿಗೆ ಏನೂ ಆಗಲಿಲ್ಲ. ಕಾಲೇಜಿನಲ್ಲಿ ನಾವು ತೊಡುತ್ತಿದ್ದ ಚೂಡಿದಾರಕ್ಕೆ ಹಿಮ್ಮಡಿ ತೂರಬೇಕಾದರೆ ಪಾದಕ್ಕೆ ಪ್ಲಾಸ್ಟಿಕ್ ಚೀಲ ಸಿಕ್ಕಿಸಬೇಕಿತ್ತು. ಲಾಡಿ ಒಳಗೆ ಹೋದರೆ ಅಂದಿನ ಮೊದಲ ಪಿರಿಯಡ್ ಹೋದಂತೆಯೇ. ಈಗ ಲೆಗ್ಗಿಂಗ್ಸ್‌ನಲ್ಲೇ ಎಷ್ಟು ಬಗೆ ನೋಡಿ, ಕಾಲ್ಗೆಜ್ಜೆ ಕಾಣಲೆಂದು ಗಿಡ್ಡಗೆ ನಿಲ್ಲುವ ಆ್ಯಂಕಲ್, ಪಾದದ ಮೇಲೆ ಬಳೆಯಂತೆ ನೆರಿಗೆ ಬೀಳುವ ಚೂಡಿ, ಮೀನಖಂಡಕ್ಕೇ ಸುಸ್ತಾಗುವ ತ್ರೀ-ಫೋರ್ತ್, ಜೀನ್ಸಿನ ವೇಷ ಹಾಕಿದ ಜೆಗ್ಗಿಂಗ್ಸ್...

“ಸಾಕ್ರೀ ಮೇಡಂ! ನಾಳಿಂದ ಸೀರಿ ಉಟ್ಕೊಂಡ ಬರ್ರಿ.”

“ಬರಂಗಿಲ್ಲರೀ. ಬರವಣಿಗ್ಯಾಗ ಕೊಡ್ರಿ. ಹಂಗ ಗಂಡಸ್ರು ಧೋತರ ಉಟ್ಕೊಂಡ ಬರಬೇಕಂತ್ಲೂ ಅದರಾಗ ಬರೀರಿ.”

ಮೇಜಿನ ಮೇಲಿದ್ದ ಬಿಳಿ ಹಾಳೆಯೊಂದನ್ನು ಅವರ ಮುಂದೆ ಸರಿಸಿ ಹೊರಬಂದೆ. ಬರವಣಿಗೆ ಬರಲೇ ಇಲ್ಲ. ಸ್ಕೂಟಿ ಮೇಲೆ ಬರುವ ಇನ್ನಿಬ್ಬರು ಶಿಕ್ಷಕಿಯರೂ ಕುರ್ತಾಕ್ಕೆ ಬದಲಾದರು.

ಅಷ್ಟರಲ್ಲಿ ಚಳಿ ಬಿತ್ತು. ಒಂದು ಬೆಳಿಗ್ಗೆ ಅತ್ತೆ ಬಾಗಿಲ ಸಂದಿಯಲ್ಲಿ ನಿಂತು, ದನಿ ತಗ್ಗಿಸಿ, “ಅದು ಮಣಕಾಲು ಬೆಚ್ಚಗ ಇಡತೈತೇನ?” ಎಂದರು. ಒಂದು ಜೊತೆ ಕೊಟ್ಟೆ. ಸೀರೆಯೊಳಗೆ ತೊಟ್ಟು ಗುಡಿಗೆ ಹೋಗಿಬಂದವರು ಮೆಟ್ಟಿಲನ್ನು ಹುಡುಗಿಯಂತೆ ಹತ್ತಿದರು. ಸುದ್ದಿ ಓಣಿಯಲ್ಲಿ ಹಬ್ಬಿತು. ಅತ್ತೆ ಉದಾರಿ, ಗೆಳತಿಯರಿಗೆಲ್ಲ “ತೊಟ್ಟು ನೋಡ್ರೆವಾ” ಎಂದು ಹಂಚಿದರು. ಹಂಚಿದ್ದು ನನ್ನವು. ಒಂದು ಸೋಮವಾರ ಕಪಾಟು ತೆರೆದರೆ ಒಂದೂ ಇರಲಿಲ್ಲ. ವಿಧಿಯಿಲ್ಲದೆ ಸೀರೆ ಉಟ್ಟು, ಸೆರಗು ಬಿಗಿದು ಶಾಲೆಗೆ ಹೋದೆ.

ಹೆಡ್‌ಮಾಸ್ತರರ ಮುಖ ಅರಳಿತು. “ಕಡೀಕೂ ನನ್ನ ಮಾತಿಗೆ ಬೆಲಿ ಕೊಟ್ರಿ. ಛಲೋ ಆತು ನೋಡ್ರಿ!”

“ನಿಮ್ಮ ಮಾತಿಗಲ್ಲರೀ ಸರ್! ನನ್ನ ಲೆಗ್ಗಿಂಗ್ಸ್ ನಮ್ಮ ಅತ್ತಿ ತೊಟ್ಕೊಂಡು ಗುಡಿಗೆ ಹೋಗ್ಯಾರ.”

ಅವರು ಹೊಟ್ಟೆ ಕುಣಿಯುವಂತೆ ನಕ್ಕರು. ಒಂದಕ್ಷರವನ್ನೂ ನಂಬಲಿಲ್ಲ. ಸಾಬೀತು ಮಾಡೋಣವೆಂದರೆ, ನನ್ನ ವಿಜಯದ ಸಾಕ್ಷಿಗಳೆಲ್ಲ ಆ ಹೊತ್ತಿಗೆ ಬನಹಟ್ಟಿಯ ಗುಡಿಯಲ್ಲಿ, ಒಂಬತ್ತು ಗಜದ ಸೀರೆಗಳೊಳಗೆ, ಬೆಚ್ಚಗೆ ಭಜನೆ ಮಾಡುತ್ತಿದ್ದವು.