ಏಳನೇ ಪ್ರಶ್ನೆಗೆ ಸೊನ್ನೆ ಕೊಟ್ಟವರಿಗೆ

ರಾಷ್ಟ್ರೀಯ ಉದ್ಯಾನದ ಯುವ ಸ್ವಯಂಸೇವಕರ ತರಬೇತಿಯ ಸಂಯೋಜಕರ ಸನ್ನಿಧಾನಕ್ಕೆ,

ಮಾನ್ಯರೇ,

ಜಯನಗರ ನಾಲ್ಕನೇ ಟಿ ಬ್ಲಾಕಿನಿಂದ ಪಂಕಜಾ ಮಾಡುವ ನಮಸ್ಕಾರಗಳು. ತಮ್ಮ ಆಳ್ವಿಕೆಯಲ್ಲಿ ಕಾಡೂ ಕಚೇರಿಯೂ ಕ್ಷೇಮವಾಗಿವೆಯೆಂದು ನಂಬಿದ್ದೇನೆ. ಕಚೇರಿಯ ಕ್ಷೇಮವನ್ನಂತೂ ಕಣ್ಣಾರೆ ಕಂಡಿದ್ದೇನೆ. ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ತಮ್ಮಲ್ಲಿ ಆರು ಭಾನುವಾರ ಸ್ವಯಂಸೇವೆ ಮಾಡಿದ ಹದಿನೇಳು ವರ್ಷದ ಸಮನ್ವಿತಾ ನನ್ನ ಮೊಮ್ಮಗಳು.

ಮೊದಲು ಹೊಗಳದೆ ದೂರಿಗೆ ಇಳಿದರೆ ಉಂಡ ಮನೆಗೆ ಎರಡು ಬಗೆದಂತಾದೀತು, ಏಕೆಂದರೆ ಮಕ್ಕಳಿಗೆ ತಾವು ಮೂರು ಸಲ ಪುಳಿಯೋಗರೆ ಕೊಡಿಸಿದ್ದೀರಿ. ಕಾಡಿಗೆ ಕರೆದೊಯ್ದರೆ ಗಿಡಮರಗಳನ್ನು ಕಂಡು ಮಕ್ಕಳ ಗಮನ ಬೇರೆಡೆ ಹೋದೀತೆಂದು ಮುಂದಾಲೋಚಿಸಿ, ಅವರನ್ನು ಏಸಿ ಸಭಾಂಗಣದಲ್ಲಿ ಕೂರಿಸಿ, ಪರದೆಯ ಮೇಲೆ ಆಫ್ರಿಕಾದ ಜಿರಾಫೆಗಳನ್ನು ತೋರಿಸಿದಿರಿ. ಜೆ.ಪಿ. ನಗರ, ಸಾರಕ್ಕಿ, ಬಿಟಿಎಂ ಕಡೆಯಿಂದ ಬೆಳಗಿನ ಐದಕ್ಕೆ ಎದ್ದು, ಎರಡು ಬಸ್ಸು ಬದಲಿಸಿ ಬಂದಿದ್ದ ಹನ್ನೆರಡು ಮಕ್ಕಳಿಗೆ, ಕಿಟಕಿಯ ಪರದೆ ಸರಿಸಿ ಹೊರಗೆ ನೋಡುವ ಶ್ರಮವನ್ನೂ ತಪ್ಪಿಸಿದಿರಿ.

ನಾಲ್ಕನೇ ಭಾನುವಾರ ಕರೆಂಟು ಹೋಯಿತು. ಅದು ತಮ್ಮ ತಪ್ಪಲ್ಲ. ಟೀ ಕೊಡಲು ಬಂದ ಅರಣ್ಯ ಕಾವಲುಗಾರ ಬೈಲಪ್ಪನವರು ಮಕ್ಕಳು ಕತ್ತಲಲ್ಲಿ ಸುಮ್ಮನೆ ಕೂತದ್ದನ್ನು ನೋಡಲಾರದೆ, ಬೇಲಿ ಪಕ್ಕದ ದಾರಿಯಲ್ಲಿ ಒಂದು ಗಂಟೆ ನಡೆಸಿಕೊಂಡು ಹೋದರು. ಆನೆ ಲದ್ದಿಯ ಮೇಲೆ ಅಂಗೈ ಚಾಚಿ ಬಿಸಿ ನೋಡುವುದು, ಅದು ಮೈಯುಜ್ಜಿದ ಮರಕ್ಕೆ ಮೆತ್ತಿದ ಕೆಸರು ಎಷ್ಟು ಮೇಲಿದೆಯೆಂದು ನೋಡಿ ಆನೆಯ ಎತ್ತರ ಅಂದಾಜು ಮಾಡುವುದು, ಆ ಕೆಸರು ಇನ್ನೂ ಹಸಿಯಾಗಿದ್ದರೆ ಬಾಯಿ ಮುಚ್ಚಿಕೊಂಡು ಹಿಂದಕ್ಕೆ ಹೆಜ್ಜೆಯಿಡುವುದು, ಇಂಥ ಪಠ್ಯಕ್ಕೆ ಸೇರದ ಸಂಗತಿಗಳನ್ನು ಕಲಿಸಿದರು. ಅವತ್ತು ಮನೆಗೆ ಬಂದ ಹುಡುಗಿ ಊಟ ಮರೆತು ಮಾತಾಡಿದಳು. ನನಗೆ ಹೊಟ್ಟೆಕಿಚ್ಚಾಯಿತು, ನನ್ನ ಪಾಠ ಕೇಳಿ ಒಬ್ಬರೂ ಊಟ ಮರೆತದ್ದಿಲ್ಲ.

ಕೊನೆಯ ಭಾನುವಾರ ಪರೀಕ್ಷೆ. ಏಳನೇ ಪ್ರಶ್ನೆ, ಆನೆ ಹತ್ತಿರದಲ್ಲಿದೆಯೆಂದು ತಿಳಿಯುವುದು ಹೇಗೆ. ತಮ್ಮ ಮಾದರಿ ಉತ್ತರ, ‘ಮಾಹಿತಿ ಫಲಕವನ್ನು ನೋಡಿ’. ಸಮನ್ವಿತಾ ಲದ್ದಿ, ಕೆಸರು ಎಂದು ಒಂದು ಪುಟ ಬರೆದು ಸೊನ್ನೆ ಪಡೆದಳು. ಸೊನ್ನೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಉತ್ತರದ ಕೆಳಗೆ ಅವಳು ‘ಕಲಿಸಿದವರು: ಶ್ರೀ ಬೈಲಪ್ಪ’ ಎಂದೂ ಬರೆದಿದ್ದಳು. ಅದು ನಾನು ಹಾಕಿಕೊಟ್ಟ ರೂಢಿ. ನನ್ನ ಕೈಯಲ್ಲಿ ಕಲಿತ ಮಕ್ಕಳು ಯಾವ ವಿದ್ಯೆ ಯಾರಿಂದ ಬಂತೋ ಅವರ ಹೆಸರನ್ನು ಕೆಳಗೆ ಬರೆಯಲೇಬೇಕು. ನಮ್ಮ ಅಡುಗೆಮನೆಯ ಪುಸ್ತಕದಲ್ಲಿ ಕೊಬ್ಬರಿ ಮಿಠಾಯಿಯ ಕೆಳಗೂ ಪಕ್ಕದ ಮನೆ ಅಲಮೇಲು ಅವರ ಹೆಸರಿದೆ. ಕಲಿಸಿದವರನ್ನು ಮರೆಯಬಾರದೆಂದು ಮಾಡಿದ ಈ ನಿಯಮವನ್ನು ತಾವು ಸಾಕ್ಷಿಯ ಹೇಳಿಕೆಯೆಂದು ಓದಿಕೊಂಡು, ‘ಅನಧಿಕೃತ ಬೋಧನೆ’ಗಾಗಿ ಬೈಲಪ್ಪನವರನ್ನು ಇಪ್ಪತ್ತಾರು ವರ್ಷ ನಡೆದ ಕಾಡುದಾರಿಯಿಂದ ತೆಗೆದು ಪಾರ್ಕಿಂಗ್ ಜಾಗಕ್ಕೆ ಹಾಕಿದಿರಿ.

ಮೊನ್ನೆ ಬೈಲಪ್ಪನವರ ಕ್ಷಮೆ ಕೇಳಲು ನಾನೂ ಮೊಮ್ಮಗಳೂ ಹೋಗಿದ್ದೆವು. ಎರಡು ಕಾರುಗಳ ನಡುವೆ ನಿಂತು ಸೀಟಿ ಊದುತ್ತಿದ್ದ ಆ ಮನುಷ್ಯ, “ಮಗೀದೇನೂ ತಪ್ಪಿಲ್ಲ ಬಿಡಿ ಅಮ್ಮಾವ್ರೇ, ಬರ್ದಿರೋದೆಲ್ಲ ಸರಿಯಾಗೇ ಐತೆ” ಎಂದರು. ಸಮನ್ವಿತಾ ಅಲ್ಲೇ ಅತ್ತಳು. ವಾಪಸು ಬರುವಾಗ ಬಸ್ಸಿನಲ್ಲಿ, “ಇನ್ಮೇಲೆ ಯಾರ ಹೆಸ್ರೂ ಬರೆಯಲ್ಲ ಅಜ್ಜಿ” ಎಂದಳು. ಮಾನ್ಯರೇ, ನನಗೆ ಸಿಟ್ಟು ಬಂದದ್ದು ಆಗ.

ಆದ್ದರಿಂದ ಕೆಲವು ವಿನಂತಿಗಳು. ಫಲಕ ಓದದೆ ಅಡ್ಡಾಡುವ ಆನೆಗಳಿಗೆ ಒಂದು ಸುತ್ತೋಲೆ ಕಳಿಸಿ, ದಾರಿ ದಾಟುವ ಮುನ್ನ ಫಲಕದ ಕೆಳಗೆ ಸಹಿ ಮಾಡಿ ಹೋಗುವಂತೆ ತಿಳಿಸಬೇಕು. ಕಚೇರಿಯ ಅನುಮತಿಯಿಲ್ಲದೆ ಲದ್ದಿಯು ಬಿಸಿಯಾಗಿರಕೂಡದೆಂದು ಆದೇಶಿಸಬೇಕು. ಇವು ಆಗದಿದ್ದರೆ ಆನೆಗಳನ್ನೂ ಪಾರ್ಕಿಂಗ್ ಜಾಗಕ್ಕೆ ವರ್ಗ ಮಾಡಿ, ಅವುಗಳನ್ನು ಬಲ್ಲವರು ಈಗ ಅಲ್ಲಿದ್ದಾರೆ. ಅದೂ ಕಷ್ಟವೆನಿಸಿದರೆ ಬೈಲಪ್ಪನವರನ್ನು ಮತ್ತೆ ದಾರಿಗೆ ಕಳಿಸುವುದೊಂದೇ ಉಳಿಯುತ್ತದೆ. ಅಷ್ಟು ಸಣ್ಣ ಕೆಲಸ ತಮ್ಮ ದರ್ಜೆಗೆ ತಕ್ಕದ್ದಲ್ಲವೆಂದು ಬಲ್ಲೆ. ಯಾರಿಗಾದರೂ ಶಿಕ್ಷೆಯಾಗಲೇಬೇಕೆಂದರೆ, ನಿಯಮ ಮಾಡಿದವಳು ನಾನು. ಕೆಲವು ವರ್ಷ ಪಿ.ಟಿ. ಪೀರಿಯಡ್ಡನ್ನೂ ನೋಡಿಕೊಂಡಿದ್ದೇನೆ, ಸೀಟಿ ಊದಲು ಚೆನ್ನಾಗಿ ಬರುತ್ತದೆ.

ಕಾಡಿನ ಬಗ್ಗೆ ತಮಗಿರುವ ತಿಳಿವಳಿಕೆಯಷ್ಟೇ ಆಳವಾದ ಗೌರವದೊಂದಿಗೆ,

ತಮ್ಮ ವಿಶ್ವಾಸಿ,
ಪಂಕಜಾ

ಮರೆತ ಮಾತು: ತಾವು ಕೊಟ್ಟ ಪ್ರಮಾಣಪತ್ರವನ್ನು ಸಮನ್ವಿತಾ ಹಿಂದಿರುಗಿಸಿದ್ದಾಳೆ, ಜೊತೆಗಿಟ್ಟಿದ್ದೇನೆ. ಅದರಲ್ಲಿ ‘ಕಲಿಸಿದವರು’ ಎಂಬಲ್ಲಿ ಕಚೇರಿಯ ಮೊಹರು ಬಿದ್ದಿದೆ. ದಯವಿಟ್ಟು ಅದರ ಬದಲು ಬೈಲಪ್ಪನವರ ಸಹಿ ಹಾಕಿಸಿ ಕಳಿಸಿ. ಅವರನ್ನು ಹಾಕಿದ ಜಾಗ ಯಾವುದೆಂದು ಮರೆತುಹೋಗಿದ್ದರೆ, ಮಾಹಿತಿ ಫಲಕವನ್ನು ನೋಡಿ.