ಹದಿನೈದು ನಿಮಿಷದ ಮೀಟಿಂಗು

ಶಿಶಿರ್ ಮಾಡಿದ ತಪ್ಪು ಇಷ್ಟೇ: ಬೆಳಗಿನ ಮೀಟಿಂಗಿನಲ್ಲಿ ಧಣಿಗಳು ಮಾತಾಡುತ್ತಿರುವಾಗ ಕೈಗಡಿಯಾರ ನೋಡಿದ.

ಧಣಿಗಳೆಂದರೆ ಚಿನ್ನಯ್ಯ ಶೆಟ್ಟರು. ಇಪ್ಪತ್ತು ವರ್ಷ ಗಲ್ಫಿನಲ್ಲಿ ಹೋಟೆಲು ನಡೆಸಿ ಬಂದು, ಫರಂಗಿಪೇಟೆಯಲ್ಲಿ ಒಂದು ಬೇಕರಿಯ ಮಾಳಿಗೆಯಲ್ಲಿ ಸಾಫ್ಟ್‌ವೇರ್ ಆಫೀಸು ತೆರೆದವರು. ಹೋದ ತಿಂಗಳು ಮಂಗಳೂರಿನಲ್ಲಿ ಎರಡು ದಿನದ ತರಬೇತಿ ಮುಗಿಸಿ ಕೊರಳಲ್ಲಿ ಬ್ಯಾಡ್ಜು ನೇತುಹಾಕಿಕೊಂಡು ಮರಳಿದ್ದೇ ತಡ, ಆಫೀಸು 'ಅಜೈಲ್' ಆಗಿಬಿಟ್ಟಿತು. ಅಂದರೆ ದಿನಾ ಒಂಬತ್ತಕ್ಕೆ ಎಲ್ಲರೂ ನಿಂತುಕೊಂಡೇ ಹದಿನೈದು ನಿಮಿಷದ ಮೀಟಿಂಗು ಮಾಡಬೇಕು. ನಿಂತರೆ ಮಾತು ಬೇಗ ಮುಗಿಯುತ್ತದೆಂದು ಕುರ್ಚಿಗಳನ್ನೆಲ್ಲ ಸ್ಟೋರಿಗೆ ಹಾಕಿ ಬೀಗ ಜಡಿದಿದ್ದರು. ಮೊಣಕಾಲು ನೋವಿನ ಶೆಟ್ಟರಿಗೆ ಮಾತ್ರ ಒಂದು ಕುರ್ಚಿ ಉಳಿದಿತ್ತು. ಹೀಗೆ ಕಾಲುನೋವು ನಿಂತವರ ಪಾಲಿಗೂ ಮಾತು ಕೂತವರ ಪಾಲಿಗೂ ಬಂದಿತ್ತು.

ಶಿಶಿರ್ ಗಡಿಯಾರ ನೋಡಿದ್ದಕ್ಕೆ ಕಾರಣವಿತ್ತು. ಬೆಳ್ತಂಗಡಿಯ ಬಸ್ಸು ಮಾಲಕ ರುಕ್ಮಯ್ಯ ಗೌಡರು ಆ ದಿನ ನಾಲ್ಕು ಗಂಟೆಗೆ ಬರುವವರಿದ್ದರು. ಅವರ ಆರು ಬಸ್ಸುಗಳು ಎಲ್ಲೆಲ್ಲಿವೆ ಎಂದು ಮೊಬೈಲಿನಲ್ಲಿ ತೋರಿಸುವ ಆ್ಯಪು ಶಿಶಿರನ ಕೆಲಸ. ಒಂದೇ ದೋಷ ಉಳಿದಿತ್ತು: ಬಿ.ಸಿ.ರೋಡು ದಾಟಿದ ಕೂಡಲೇ ಬಸ್ಸು ನೇತ್ರಾವತಿ ಹೊಳೆಯ ನಟ್ಟನಡುವೆ ಕಾಣಿಸುತ್ತಿತ್ತು. ಸರಿಪಡಿಸಲು ಒಂದು ಗಂಟೆ ಸಾಕು. ಗೌಡರು ಒಪ್ಪಿದರೆ, ಆರು ತಿಂಗಳಿನಿಂದ ತಾತ್ಕಾಲಿಕವಾಗಿಯೇ ಇದ್ದ ಅವನ ಕೆಲಸ ಖಾಯಂ ಎಂದು ಶೆಟ್ಟರು ಮಾತು ಕೊಟ್ಟಿದ್ದರು.

"ಏನು ಶಿಶಿರ್, ಮೀಟಿಂಗು ಉದ್ದ ಆಯ್ತಾ?"

"ಸ್ವಲ್ಪ ಆಯ್ತು ಸರ್."

ಶೆಟ್ಟರಿಗೆ ಸಿಟ್ಟು ಬರಲಿಲ್ಲ. ಅದಕ್ಕಿಂತ ಕೆಟ್ಟದ್ದಾಯಿತು: ಅವರಿಗೆ ಉತ್ಸಾಹ ಬಂತು. ದೂರು ಹೇಳಿದವನಿಗೇ ಸುಧಾರಣೆಯ ಹೊಣೆ ಕೊಡಬೇಕೆಂದು ತರಬೇತಿಯಲ್ಲಿ ಕಲಿಸಿದ್ದರಂತೆ. ಮೀಟಿಂಗನ್ನು ಚಿಕ್ಕದು ಮಾಡುವುದು ಹೇಗೆಂದು ಚರ್ಚಿಸಲು ಅಲ್ಲೇ ಇನ್ನೊಂದು ಮೀಟಿಂಗು ಶುರುವಾಯಿತು, ಶಿಶಿರನ ನೇತೃತ್ವದಲ್ಲಿ.

ಒಬ್ಬೊಬ್ಬರು ಎರಡೇ ನಿಮಿಷ ಮಾತಾಡುವುದು ಎಂದು ಅವನು ಸೂಚಿಸಿದ. ಅದು ಎಷ್ಟು ಒಳ್ಳೆಯ ಸೂಚನೆ ಎಂದು ಶೆಟ್ಟರು ನಲವತ್ತು ನಿಮಿಷ ವಿವರಿಸಿದರು. ಡಿಸೈನ್ ಮಾಡುವ ಸುರಕ್ಷಾ, ಎರಡು ನಿಮಿಷ ಮುಗಿದಾಗ ಕೆಂಪು ಚೀಟಿ ತೋರಿಸಬೇಕೋ ಹಳದಿಯೋ ಎಂಬ ಪ್ರಶ್ನೆ ಎತ್ತಿದಳು. ಕೆಂಪು ಅವಮಾನ, ಹಳದಿ ಅಸ್ಪಷ್ಟ ಎಂದು ಹನ್ನೊಂದೂವರೆಗೆ ತಿಳಿದುಬಂತು.

ಕಂಗಾಲಾದ ಶಿಶಿರ್ ಬೋರ್ಡಿನ ಮೂಲೆಯಲ್ಲಿ 'ಪಾರ್ಕಿಂಗ್' ಎಂದು ಬರೆದು ಚೌಕ ಎಳೆದ. ವಿಷಯಕ್ಕೆ ಸಂಬಂಧಪಡದ ಮಾತನ್ನು ಆ ಚೌಕದಲ್ಲಿ ಬರೆದಿಟ್ಟು ಆಮೇಲೆ ನೋಡಿಕೊಳ್ಳುವುದು ಅವನ ಉದ್ದೇಶ. ಆದರೆ ಮೆನೇಜರ್ ಚನಿಯಪ್ಪ ಈ ಶಬ್ದಕ್ಕಾಗಿ ಒಂದು ವರ್ಷದಿಂದ ಕಾದಿದ್ದವರು. ಅವರ ಸ್ಕೂಟರಿನ ಜಾಗದಲ್ಲಿ ಬೇಕರಿಯ ವ್ಯಾನು ನಿಲ್ಲುತ್ತಿತ್ತು. ಎಲ್ಲರೂ ಕೆಳಗಿಳಿದು ಟೇಪು ಹಿಡಿದು ಅಂಗಳ ಅಳೆದರು. ಜಗಳಕ್ಕೆ ಬಂದ ಬೇಕರಿಯವರು ಒಂದು ತಟ್ಟೆ ಪಫ್ಸಿನೊಂದಿಗೆ ಮೇಲೆಯೂ ಬಂದು, ತಮ್ಮ ವ್ಯಾಪಾರದ ಕಷ್ಟಸುಖ ಹೇಳುತ್ತಾ ಮೀಟಿಂಗಿನಲ್ಲಿ ನಿಂತೇಬಿಟ್ಟರು. ಅವರಿಗೆ ಎರಡು ನಿಮಿಷದ ನಿಯಮ ಅನ್ವಯಿಸುವುದಿಲ್ಲವೆಂದು ಶೆಟ್ಟರು ತೀರ್ಪು ಕೊಟ್ಟರು.

ಶಿಶಿರ್ ಎರಡು ಸಲ ಬಾಗಿಲವರೆಗೆ ಜಾರಿದ. ಮೂರನೆಯ ಸಲ ಕಂಪ್ಯೂಟರಿಗೆ ಕೈಯಿಟ್ಟಾಗ ಸುರಕ್ಷಾ ಬಂದು, "ನಿನ್ನದೇ ಮೀಟಿಂಗಲ್ವಾ, ನೀನೇ ಇಲ್ಲದಿದ್ರೆ ಹೇಗೆ?" ಎಂದು ಎಳೆದುಕೊಂಡು ಹೋದಳು.

ರುಕ್ಮಯ್ಯ ಗೌಡರು ಮೂರಕ್ಕೇ ಬಂದಿದ್ದರು. ಯಾರೂ ಗಮನಿಸಲಿಲ್ಲ. ಕೂರಲು ಕುರ್ಚಿಯಿಲ್ಲದೆ ಅವರೂ ಗಾಜಿನ ಬಾಗಿಲ ಹೊರಗೆ ಒಂದು ಗಂಟೆ ನಿಂತು ಒಳಗಿನದನ್ನು ನೋಡಿದರು. ಸರಿಯಾಗಿ ನಾಲ್ಕಕ್ಕೆ ಒಳಗೆ ಬಂದ ಅವರ ಮುಂದೆ ಶಿಶಿರ್ ಮೊಬೈಲು ಹಿಡಿದ.

"ಇದು ನನ್ನ ಬಸ್ಸಾ?"

"ಹೌದು ಸರ್."

"ಇದಕ್ಕೆ ಈಜ್ಲಿಕ್ಕೆ ಯಾವಾಗ ಕಲಿಸಿದ್ದು?"

ಒಂದು ಗಂಟೆಯ ಕೆಲಸ, ಬೆಳಿಗ್ಗೆಯಿಂದ ಮೀಟಿಂಗಾಗಿ ಪುರುಸೊತ್ತು ಸಿಗಲಿಲ್ಲ ಎಂದು ಶಿಶಿರ್ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ. ಕೆಲಸ ಹೋಯಿತೆಂದು ಅವನಿಗೆ ಖಚಿತವಾಗಿತ್ತು. ಶೆಟ್ಟರು ಸೂರು ನೋಡುತ್ತಿದ್ದರು. ಗೌಡರು ಮೊಬೈಲನ್ನು ಮೆಲ್ಲಗೆ ಬದಿಗಿಟ್ಟರು.

"ಆ್ಯಪು ಬೇಡ ಶೆಟ್ರೇ. ಬಸ್ಸು ಎಲ್ಲಿ ಉಂಟು ಅಂತ ಕಂಡಕ್ಟರಿಗೆ ಫೋನು ಮಾಡಿದ್ರೆ ಗೊತ್ತಾಗ್ತದೆ. ನನ್ನ ಡ್ರೈವರುಗಳು ವಾರಕ್ಕೊಂದು ರಜೆ ಬೇಕು ಅಂತ ಎರಡು ತಿಂಗಳಿಂದ ಬೆನ್ನು ಹತ್ತಿದ್ದಾರೆ. ನಾನು ಇಲ್ಲಿ ಒಂದು ಗಂಟೆ ನೋಡಿದೆ. ಎಲ್ಲರೂ ಮಾತಾಡ್ತಾರೆ, ಏನೂ ಆಗುದಿಲ್ಲ, ಯಾರಿಗೂ ಸಿಟ್ಟೂ ಬರುದಿಲ್ಲ. ನನಗೆ ಬೇಕಾದ್ದು ಈ ಮೀಟಿಂಗು."

ಶೆಟ್ಟರ ಕೈ ಕೂಡಲೇ ಶಿಶಿರನ ಹೆಗಲೇರಿತು. "ಇದರ ತಜ್ಞ ಇವನೇ ಗೌಡ್ರೇ. ಇವತ್ತಿನದ್ದು ಪೂರಾ ಇವನದೇ."

ಐದು ನಿಮಿಷದಲ್ಲಿ ಎಲ್ಲ ತೀರ್ಮಾನವಾಯಿತು. ಆ ಆಫೀಸಿನಲ್ಲಿ ಅಷ್ಟು ಬೇಗ ಏನೂ ತೀರ್ಮಾನವಾದದ್ದಿಲ್ಲ. ಶಿಶಿರನ ಕೆಲಸ ಖಾಯಂ, ಹುದ್ದೆ ಮೀಟಿಂಗು ಸುಧಾರಣಾಧಿಕಾರಿ, ಸ್ಥಳ ಬೆಳ್ತಂಗಡಿ. ಮೊದಲ ಬಸ್ಸು ಐದೂವರೆಗೆ ಹೊರಡುವುದರಿಂದ ಮೀಟಿಂಗು ಬೆಳಿಗ್ಗೆ ನಾಲ್ಕೂವರೆಗೆ. ವಾಸ ಡ್ರೈವರುಗಳ ರೂಮಿನಲ್ಲಿ, ಅವರ ಜೊತೆಗೇ.

ಶಿಶಿರ್ ಗೌಡರ ಕಡೆ ತಿರುಗಿದ. "ಭಾನುವಾರ ಮನೆಗೆ ಬರಬಹುದಲ್ಲ ಸರ್?"

ಗೌಡರು ಅವನನ್ನು ಕನಿಕರದಿಂದ ನೋಡಿದರು.

"ನಿನಗೆ ರಜೆ ಕೊಟ್ರೆ ಡ್ರೈವರುಗಳೂ ಕೇಳುದಿಲ್ವಾ ಮಾರಾಯ? ಬೇಕಾದ್ರೆ ಒಂದು ಕೆಲಸ ಮಾಡು. ಮೀಟಿಂಗಿನಲ್ಲಿ ಹೇಳಿ ನೋಡು."