ಕಾಲು ಮುಂದಾಗಿ ಹುಟ್ಟಿದವಳು

ರೊಟ್ಟಿ ಬಡಿಯುವಾಗ ದೇವರ ನಾಮ ಹೇಳುವುದು ನನ್ನ ರೂಢಿ. ಅಂದು ಏಳನೆಯ ರೊಟ್ಟಿ ಹಂಚಿನ ಮೇಲಿತ್ತು, ಪಕ್ಕದ ಮನೆಯ ರಜಿಯಾ ಓಡಿ ಬಂದಳು. "ಅಕ್ಕಾ, ಮಾಸ್ತರು ತೊಗರಿ ಚೀಲ ಎತ್ತಾಕ ಹೋಗಿ ಬಗ್ಗಿದಲ್ಲೇ ನಿಂತಾರ್ರಿ! ಆಟೋದಾಗ ಕೂಡಿಸ್ಕೊಂಡು ದವಾಖಾನಿಗೆ ಹೋದ್ರು." ಒಲೆ ಆರಿಸಿ ಎದ್ದೆ. ಆಳಂದದ ಶಾಲೆಯಲ್ಲಿ ಸೀಮೆಸುಣ್ಣಕ್ಕಿಂತ ಭಾರದ್ದನ್ನು ಎತ್ತದ ನನ್ನ ಯಜಮಾನರಿಗೆ ಅದೆಲ್ಲಿಯ ಹುರುಪು ಬಂದಿತ್ತೋ!

ಪುಣ್ಯಕ್ಕೆ ಮೂಳೆಗೆ ಏನೂ ಆಗಿರಲಿಲ್ಲ. ಸೊಂಟದ ಸ್ನಾಯು ಎಳೆದಿದೆ, ಬಟ್ಟೆಯಲ್ಲಿ ಸುತ್ತಿ ಐಸ್ ಇಡಿ, ತಿಕ್ಕಬೇಡಿ, ಹಾಗಂತ ಮಲಗಿಯೇ ಇರದೆ ತಾಸಿಗೊಮ್ಮೆ ನಾಲ್ಕು ಹೆಜ್ಜೆ ಹಾಕಿ ಎಂದಿದ್ದರಂತೆ ಡಾಕ್ಟರು. ಇವರು ಮಾತ್ರ ಮನೆಗೆ ಬಂದು ಬೋರಲು ಬಿದ್ದವರು ಏಳಲೊಲ್ಲರು.

ನಮ್ಮ ಅತ್ತೆಗೆ ಐಸ್ ಮೇಲೆ ನಂಬಿಕೆಯಿಲ್ಲ. "ಮನ್ಯಾಗೇ ಔಷಧ ಅದ. ನೀ ಒದಿ." ನಾನು ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಎಡಗಾಲಿನಿಂದ ಮೂರು ಸಲ ಮುಟ್ಟಿದರೆ ಉಳುಕು ಬಿಡುತ್ತದೆಂದು ಓಣಿಯ ಅರ್ಧ ಬೆನ್ನುಗಳು ನನ್ನ ಪಾದ ಕಂಡಿವೆ. ಆದರೆ ಗಂಡನಿಗೆ ಕಾಲು ತಾಗಿಸುವುದೆಂದರೆ? ಅವರ ಬೆನ್ನು ಉಳಿಸಲೋ, ನನ್ನ ಪುಣ್ಯ ಉಳಿಸಿಕೊಳ್ಳಲೋ?

"ಡಾಕ್ಟರು ತಿಕ್ಕೋದೂ ಬ್ಯಾಡ ಅಂದಾರ್ರಿ ಅತ್ತಿ," ಎಂದೆ.

"ಡಾಕ್ಟರೇನು ಕಾಲು ಮುಂದಾಗಿ ಹುಟ್ಟ್ಯಾನೇನು?"

ಬೋರಲು ಮಲಗಿದ್ದವರು ದಿಂಬಿನೊಳಗಿಂದಲೇ ಅಂದರು, "ಲಗೂ ಒದಿ ಬೇ. ಇಪ್ಪತ್ತು ವರ್ಷದ ಸಿಟ್ಟು ತೀರಿಸ್ಕೊ."

ಸುಮ್ಮನೆ ಹೆಬ್ಬೆರಳಷ್ಟೇ ಸೋಕಿಸೋಣವೆಂದು ಬಲಗಾಲ ಮೇಲೆ ನಿಂತು, ಎಡಗಾಲು ಎತ್ತಿ, ಕಣ್ಣು ಮುಚ್ಚಿ ದತ್ತಾತ್ರೇಯನ ಕ್ಷಮೆ ಕೇಳತೊಡಗಿದೆ. ಇಷ್ಟು ದೊಡ್ಡ ತಪ್ಪಿಗೆ ಚಿಕ್ಕ ಪ್ರಾರ್ಥನೆ ಸಾಲುತ್ತದೆಯೇ? ನಡುವೆಯೇ ಬಲಗಾಲ ಮೀನಖಂಡ ಗಂಟುಕಟ್ಟಿ ಚಳಕ್ ಎಂದಿತು. "ಯವ್ವಾ!" ಎಂದು ಪಕ್ಕದಲ್ಲಿ ಮಡಚಿಟ್ಟಿದ್ದ ಕೌದಿಗಳ ಮೇಲೆ ಉರುಳಿದೆ.

ಬಿದ್ದಲ್ಲೇ ಎಣಿಸಿಕೊಂಡೆ: ಬಿದ್ದದ್ದು ಮೆತ್ತಗಿನದರ ಮೇಲೆ, ಒಲೆ ಆರಿಸಿದ್ದೆ, ಕಾಲು ಗಂಡನಿಗೆ ತಾಗಿರಲಿಲ್ಲ. ದೇವರು ದೊಡ್ಡವನು.

ಅಷ್ಟರಲ್ಲಿ ಇವರು ಸೊಂಟ ಹಿಡಿದುಕೊಂಡೇ ಎದ್ದು, ಒಂದೊಂದೇ ಹೆಜ್ಜೆ ಇಡುತ್ತ ಫ್ರಿಜ್ಜಿನತ್ತ ಹೊರಟಿದ್ದರು. "ನಾ ತಲಿ ಮುಂದಾಗಿ ಹುಟ್ಟಿದವ. ನನ್ನ ಕೈಲಿ ಬರೀ ಐಸ್ ಇಡೋದಾಗ್ತದ."

ಅತ್ತೆ ಬಾಗಿಲಲ್ಲಿದ್ದ ರಜಿಯಾಳಿಗೆ ಹೇಳಿದರು, "ನೋಡಿದಿ? ಕಾಲು ಎತ್ತಿದ್ದಕ್ಕೇ ಎದ್ದ. ತಾಗಿದ್ರ ಓಡ್ತಿದ್ದ."

ನಿಜ ಹೇಳಬೇಕೆಂದರೆ ನಾನು ಮುಟ್ಟಿದವರೆಲ್ಲ ನಾಲ್ಕಾರು ದಿನಕ್ಕೆ ತಾವಾಗಿಯೇ ಸರಿಯಾಗುತ್ತಿದ್ದರೇನೋ. ಹೆಸರು ಮಾತ್ರ ನನ್ನ ಕಾಲಿಗೆ ಬಂತು. ಅದನ್ನು ಅತ್ತೆಗೆ ಹೇಳುವ ಧೈರ್ಯ ಈ ಕಾಲಿಗಿಲ್ಲ. ಐಸ್ ಕಟ್ಟಿಕೊಂಡು, ಕಾಲು ಚಾಚಿ ಕುಳಿತು, ಒಣಗಿದ್ದ ಹಿಟ್ಟಿಗೆ ನೀರು ಚಿಮುಕಿಸಿ ಎಂಟನೆಯ ರೊಟ್ಟಿಗೆ ನಾದತೊಡಗಿದೆ.